ಕಿಟ್ಟೆಲ್ ಪಂಡಿತರು ಮತ್ತು ಬಲಿದಾನದ ವಿಚಾರ

ಕನ್ನಡ ನಿಘಂಟು ಎಂದೊಡನೆ ವಿದ್ವಾಂಸರ ನಾಲಗೆಗೆ ಮೊದಲು ಬರುವ ಹೆಸರು ಫರ್ಡಿನಾಂಡ್ ಕಿಟ್ಟೆಲರದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು 1,700 ಪುಟಗಳನ್ನು ಮೀರಿದ ಮಹಾಗ್ರಂಥ. ಸುಮಾರು 70,000 ಶಬ್ದಗಳ ಭಂಡಾರ. ಶಾಲೆಯ ಉಪಾಧ್ಯಾಯರಿಂದ ಮೊದಲುಗೊಂಡು ಶಾಸನಗಳನ್ನು ಓದುವ ಸಂಶೋಧಕರವರೆಗೆ ಅದರ ಋಣವಿಲ್ಲದವರು ವಿರಳ. ಆದರೆ ಈ ಮಹನೀಯರು ಸಮುದ್ರವನ್ನು ದಾಟಿ ಬಂದುದು ಶಬ್ದಗಳನ್ನು ಕೂಡಿಹಾಕುವುದಕ್ಕಲ್ಲ. ಶಿಲುಬೆಯೆಂಬ ಮರಕ್ಕೆ ಜಡಿಯಲ್ಪಟ್ಟು ಪ್ರಾಣಬಿಟ್ಟ ಒಬ್ಬ ಪುರುಷನ ಮರಣವು ಲೋಕಕ್ಕೆಲ್ಲ ಯಜ್ಞವಾಯಿತೆಂಬ ನಂಬಿಕೆಯನ್ನು ಕನ್ನಡಿಗರಿಗೆ ತಿಳಿಯಹೇಳಬೇಕೆಂದು ಅವರು ಬಂದರು. ನಿಘಂಟಿನ ಕಿಟ್ಟೆಲರನ್ನು ಕೊಂಡಾಡಿದವರು ಬಹುಮಂದಿ. ಯಜ್ಞದ ವಿಚಾರವನ್ನು ಹಿಡಿದು ಕನ್ನಡಿಗರೆದುರಿಗೆ ನಿಂತ ಕಿಟ್ಟೆಲರನ್ನು ಅರಿತವರು ಕಡಿಮೆ. ಅವರ ಚರಿತ್ರೆಯ ಆ ಭಾಗವೇ ಇಲ್ಲಿಯ ಪ್ರಸ್ತಾಪ.

1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿಯ ಉತ್ತರದ ಅಂಚಿನಲ್ಲಿ, ಕಡಲ ಮಗ್ಗುಲಿನ ಪೂರ್ವ ಫ್ರೀಸ್‌ಲೆಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬಲ್ಲಿ ಕಿಟ್ಟೆಲರ ಜನನವಾಯಿತು. ತಂದೆಯವರು ಪಾದ್ರಿಗಳು. ಅದೇ 1832ರಲ್ಲಿಯೇ ವಿಲಿಯಂ ರೀವ್ ಎಂಬ ಪಾದ್ರಿಯವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ಆ ನಿಘಂಟನ್ನು ಹಿಂದಿಕ್ಕುವ ಕೂಸು ಅದೇ ವರ್ಷ ಕಂಡರಿಯದ ಹಳ್ಳಿಯೊಂದರಲ್ಲಿ ಹುಟ್ಟಿತೆಂಬುದು ಕಾಕತಾಳೀಯವೇ ಸರಿ. ಆದರೂ ನೆನೆದರೆ ಸೋಜಿಗವಾಗುವುದು. ಬಾಲಕನು ಔರಿಚ್ ಎಂಬ ಪಟ್ಟಣದಲ್ಲಿ ವಿದ್ಯಾಭ್ಯಾಸ ಮಾಡಿ ಗ್ರೀಕ್, ಲ್ಯಾಟಿನ್, ಹೀಬ್ರೂ ಮೊದಲಾದ ಭಾಷೆಗಳನ್ನು ಕಲಿತನು. 1850ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಮಿಶನ್ ವಿದ್ಯಾಲಯವನ್ನು ಸೇರಿದನು.

ಈ ಬಾಸೆಲ್ ಮಿಶನ್ 1815ರಲ್ಲಿ ಸ್ಥಾಪಿತವಾದ ಸಂಸ್ಥೆ. ಜರ್ಮನಿಯ ಭಕ್ತಿಪಂಥದವರು ಅದರ ಬೆನ್ನೆಲುಬಾಗಿದ್ದರು. ಧರ್ಮವೆಂದರೆ ಗ್ರಂಥದ ತರ್ಕವಲ್ಲ, ಹೃದಯದ ಮಾರ್ಪಾಟು ಎಂಬುದು ಈ ಪಂಥದವರ ನಿಲವು. ಕ್ರಿಸ್ತನ ಗಾಯಗಳನ್ನೂ ಆತನ ಸಂಕಟವನ್ನೂ ಧ್ಯಾನಿಸುತ್ತ ಕಣ್ಣೀರುಗರೆಯುವುದು ಅವರ ಸಾಧನೆಯ ಒಂದಂಗವಾಗಿತ್ತು. ಇಂತಹ ವಾತಾವರಣದಲ್ಲಿ ಬೆಳೆದ ತರುಣನಿಗೆ ಶಿಲುಬೆಯು ಸಿದ್ಧಾಂತದ ಮಾತಾಗಿರದೆ ಮನೆಯ ಮಾತಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಬಾಸೆಲಿನವರು 1834ರಲ್ಲಿಯೇ ಮಂಗಳೂರಿಗೆ ಬಂದು ನೆಲೆಯೂರಿ, ಬಳಿಕ ಧಾರವಾಡ ಹುಬ್ಬಳ್ಳಿಗಳ ಕಡೆಗೂ ಹಬ್ಬಿದ್ದರು. ಕಿಟ್ಟೆಲರು 1853ರಲ್ಲಿ ಇಪ್ಪತ್ತೊಂದರ ಪ್ರಾಯದಲ್ಲಿ ಈ ನಾಡಿಗೆ ಬಂದು ಧಾರವಾಡದ ಕಡೆಯಲ್ಲಿ ಕನ್ನಡವನ್ನು ಕಲಿಯತೊಡಗಿದರು. ಕಾಲ್ನಡಿಗೆಯಿಂದ ಹಳ್ಳಿಗಳನ್ನು ಸುತ್ತಿ ಜನರ ಮಾತನ್ನು ಅವರ ಬಾಯಿಂದಲೇ ಕೇಳುವುದು ಅವರ ಪದ್ಧತಿ.

ಅವರಿಗೆ ಆದರ್ಶವಾಗಿದ್ದವರು ಹಿರಿಯ ಮಿಶನರಿ ಹೆರ್ಮನ್ ಮೋಗ್ಲಿಂಗರು. ಕನ್ನಡದ ಪ್ರಥಮ ವೃತ್ತಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಅವರೇ. ಮಿಶನಿನ ಬಂಗಲೆಯ ಬಾಳನ್ನು ಬದಿಗಿರಿಸಿ ವಿದ್ಯಾರ್ಥಿಗಳ ಜೊತೆಯಲ್ಲಿಯೇ ವಾಸಿಸುವ ಪ್ರಯೋಗವನ್ನು ಮಾಡಿದವರೂ ಅವರೇ. ನಮ್ಮ ಸಮಾಜದವರು ಅವರನ್ನು ನೆನೆಯಬೇಕಾದುದಕ್ಕೆ ಬೇರೊಂದು ಕಾರಣವುಂಟು. ಅವರ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯಲ್ಲಿ ಭೀಮಕವಿಯ ಬಸವಪುರಾಣವು 1850ರಲ್ಲಿ ಕಲ್ಲಚ್ಚಿನಲ್ಲಿ ಪ್ರಕಟವಾಯಿತು. ತಾಡವೋಲೆಯಲ್ಲಿ ಮಠಗಳ ಅಟ್ಟದ ಮೇಲಿದ್ದ ಪುರಾಣವು ಕಾಗದಕ್ಕಿಳಿದುದು ಒಬ್ಬ ಕ್ರೈಸ್ತ ಪಾದ್ರಿಯ ಕೈಯಿಂದ! ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬ ಹಂಬಲವನ್ನು ಕಿಟ್ಟೆಲರು ಮೋಗ್ಲಿಂಗರಿಂದಲೇ ಪಡೆದರು. ಆ ಹಂಬಲದಿಂದಾಗಿ ಜೊತೆಯ ಪಾದ್ರಿಗಳಿಗೂ ಅವರಿಗೂ ಹೊಂದಿಕೆಯಾಗದೆ ಹೋಯಿತು. ಸಭೆಯ ವಿಸ್ತಾರಕ್ಕಿಂತ ಪುಸ್ತಕಗಳಲ್ಲಿಯೇ ಇವರ ಮನಸ್ಸೆಂಬ ದೂರು ಬಾಳಿನುದ್ದಕ್ಕೂ ಅವರ ಬೆನ್ನು ಬಿಡಲಿಲ್ಲ.

ಅವರು ಹೇಳಬಂದ ನಂಬಿಕೆಯು ಯಾವುದು? ಪ್ರಾಚೀನ ಯೆಹೂದ್ಯರು ಯೆರೂಸಲೇಮಿನ ದೇವಾಲಯದಲ್ಲಿ ಕುರಿ, ಹೋರಿ, ಪಾರಿವಾಳಗಳನ್ನು ಬಲಿಗೊಟ್ಟು ದೋಷಪರಿಹಾರವನ್ನು ಬೇಡುತ್ತಿದ್ದರು. ಐಗುಪ್ತದ ದಾಸ್ಯದಿಂದ ಬಿಡುಗಡೆಯಾದುದರ ನೆನಪಿಗೆ ವರ್ಷಕ್ಕೊಮ್ಮೆ ಪಸ್ಕ ಹಬ್ಬದಲ್ಲಿ ಕುರಿಮರಿಯನ್ನು ಕೊಯ್ಯುತ್ತಿದ್ದರು. ಅವರ ಪ್ರವಾದಿಗಳಲ್ಲಿಯೇ ಕೆಲವರು ದೇವರಿಗೆ ಬೇಕಾದುದು ರಕ್ತವಲ್ಲ, ಕರುಣೆ ಎಂದು ಸಾರಿದರು. ತಾನು ತಪ್ಪು ಮಾಡದೆ ಪರರ ತಪ್ಪನ್ನು ಹೊತ್ತು ನೊಂದ ಸೇವಕನೊಬ್ಬನ ಚಿತ್ರವು ಯೆಶಾಯನ ಗ್ರಂಥದಲ್ಲಿ ಬರುವುದು. ಸುಮಾರು ಕ್ರಿ.ಶ. 30ರಲ್ಲಿ ಅದೇ ಪಸ್ಕ ಹಬ್ಬದ ಸಮಯದಲ್ಲಿ ಯೇಸುವನ್ನು ರೋಮನ್ನರ ಅಧಿಪತಿಯಾದ ಪಿಲಾತನ ಅಪ್ಪಣೆಯಂತೆ ಶಿಲುಬೆಗೇರಿಸಲಾಯಿತು. ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಹೀನ ಮರಣವದು. ಆತನು ಮೂರನೆಯ ದಿನ ಎದ್ದನೆಂದು ಶಿಷ್ಯರು ನಂಬಿದರು. ಹಾಗೆ ನಂಬಿದ ಮೇಲೆ ಆ ಮರಣವು ಸೋಲಾಗಿರಲು ಸಾಧ್ಯವಿಲ್ಲವಷ್ಟೆ. ಅದೇ ಕಡೆಯ ಯಜ್ಞ. ಯಾಜಕನೂ ಆತನೇ, ಪಶುವೂ ಆತನೇ. ಇನ್ನು ಬೇರೆ ಬಲಿ ಬೇಕಿಲ್ಲ ಎಂಬ ನಿರ್ಣಯಕ್ಕೆ ಅವರು ಬಂದರು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಅಲ್ಲಿಯ ಪಶುಬಲಿಯು ನಿಂತೇಹೋಯಿತು. ಕ್ರೈಸ್ತರಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಸಂಸ್ಕಾರವು ಉಳಿಯಿತು. ಪ್ರಸಾದವನ್ನು ಬಲ್ಲ ನಮಗೆ ಅದು ತೀರ ಅಪರಿಚಿತವಾದುದಲ್ಲ.

ಆದರೆ ಆ ಮರಣದಿಂದ ಉಳಿದವರಿಗೆ ಬಿಡುಗಡೆ ಹೇಗಾಯಿತು? ಈ ಪ್ರಶ್ನೆಗೆ ಕ್ರೈಸ್ತರಲ್ಲಿಯೂ ಒಂದೇ ಉತ್ತರವಿಲ್ಲ. 1098ರಲ್ಲಿ ಮುಗಿದ ತಮ್ಮ ಗ್ರಂಥದಲ್ಲಿ ಆನ್ಸೆಲ್ಮ್ ಎಂಬ ಆಚಾರ್ಯರು, ಮನುಷ್ಯನು ದೇವರ ಮರ್ಯಾದೆಗೆ ತಂದ ಕುಂದು ಮನುಷ್ಯನಿಂದ ತೀರಲಾರದ ಸಾಲ, ದೇವಮಾನವನಾದ ಕ್ರಿಸ್ತನೇ ಅದನ್ನು ತೀರಿಸಿದನು ಎಂದು ವಾದಿಸಿದರು. 1142ರಲ್ಲಿ ತೀರಿಕೊಂಡ ಅಬೆಲಾರ್ಡ್ ಎಂಬ ಪಂಡಿತರು ಬೇರೆ ಬಗೆಯಾಗಿ ತಿಳಿದರು. ದೇವರ ಪ್ರೇಮವು ಎಷ್ಟರಮಟ್ಟಿನದೆಂಬುದನ್ನು ಶಿಲುಬೆಯು ತೋರಿಸಿಕೊಟ್ಟು ನಮ್ಮ ಕಲ್ಲೆದೆಯನ್ನು ಕರಗಿಸುತ್ತದೆ, ಆ ಕರಗುವಿಕೆಯೇ ಬಿಡುಗಡೆ ಎಂಬುದು ಅವರ ಅಭಿಪ್ರಾಯ. ಯುರೋಪಿನಲ್ಲಿ ಈ ಚರ್ಚೆ ನಡೆದ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಅಣ್ಣನವರು ಹೋಮದ ಹೊಗೆಯನ್ನು ಬಿಟ್ಟು ದಾಸೋಹದ ಒಲೆಯ ಕಡೆಗೆ ಜನರನ್ನು ತಿರುಗಿಸಿದರು. ಇವರ ಸುದ್ದಿ ಅವರಿಗಿಲ್ಲ, ಅವರ ಸುದ್ದಿ ಇವರಿಗಿಲ್ಲ.

ಕ್ರಿಸ್ತನು ಸಂಕಟವನ್ನು ಬಯಸಿ ಅರಸಿಕೊಂಡು ಹೋದವನಲ್ಲ ಎಂಬುದನ್ನು ಮರೆಯಲಾಗದು. ಹಿಡಿದೊಯ್ದ ರಾತ್ರಿಯೇ ತೋಟವೊಂದರಲ್ಲಿ ಮೊಣಕಾಲೂರಿ, ಸಾಧ್ಯವಾದರೆ ಈ ಸಂಕಟವು ತಪ್ಪಲಿ ಎಂದು ಆತನು ಬೇಡಿಕೊಂಡನೆಂದು ಅವರ ಗ್ರಂಥವೇ ಹೇಳುತ್ತದೆ. ಹುಟ್ಟುಕುರುಡನೊಬ್ಬನನ್ನು ಕಂಡು ಇದು ಇವನ ಪಾಪದ ಫಲವೋ, ಹೆತ್ತವರ ಪಾಪದ ಫಲವೋ ಎಂದು ಶಿಷ್ಯರು ಕೇಳಿದಾಗ, ಎರಡೂ ಅಲ್ಲವೆಂದು ಹೇಳಿ ಕಣ್ಣುಕೊಟ್ಟನೆಂಬ ಕಥೆಯೂ ಉಂಟು. ಹೀಗಿದ್ದೂ ಮೈಯನ್ನು ಚಾಟಿಯಿಂದ ಹೊಡೆದುಕೊಂಡು ಅದನ್ನೇ ಭಕ್ತಿಯೆಂದುಕೊಂಡ ಪಂಗಡಗಳು ಯುರೋಪಿನಲ್ಲಿ ಹುಟ್ಟಿದವು. ನಮ್ಮಲ್ಲಿ ಮಾತ್ರ ಅಂತಹವು ಇಲ್ಲವೆ? ಕಾಯವನ್ನು ದಂಡಿಸುವುದರಿಂದ ಶಿವನು ಒಲಿಯನೆಂದು ಶರಣರು ಎಷ್ಟು ಸಾರಿ ಹೇಳಿದರೂ, ಮನೆಯ ಹೆಣ್ಣುಮಗಳು ರೋಗವನ್ನು ಬಾಯ್ಮುಚ್ಚಿ ಸಹಿಸಿದರೆ ಅದನ್ನು ಪುಣ್ಯವೆಂದು ಹೊಗಳಿ ವೈದ್ಯನನ್ನು ಕರೆಯದ ಗೃಹಸ್ಥರು ನಮ್ಮಲ್ಲಿಯೂ ಇದ್ದಾರೆ.

ಈಗ ಕಿಟ್ಟೆಲರ ಕಷ್ಟವನ್ನು ಊಹಿಸಿಕೊಳ್ಳಬಹುದು. ಈ ನಂಬಿಕೆಯನ್ನು ಕನ್ನಡದಲ್ಲಿ ಹೇಳಲು ಅವರಿಗಿದ್ದ ಶಬ್ದಗಳು ಯಾವುವು? ಬಲಿ ಎಂದರೆ ಊರದೇವತೆಯ ಮುಂದೆ ಕಡಿಯುವ ಕೋಣವು ಕಣ್ಣಿಗೆ ಕಟ್ಟುವುದು. ಯಜ್ಞ ಎಂದರೆ ಅಗ್ನಿಕುಂಡ, ಋತ್ವಿಜರು, ದಕ್ಷಿಣೆ. ಪ್ರಾಯಶ್ಚಿತ್ತ ಎಂದರೆ ತಪ್ಪು ಮಾಡಿದವನೇ ತೆರುವ ದಂಡ. ಪರರಿಗಾಗಿ ಪ್ರಾಯಶ್ಚಿತ್ತವೆಂಬುದು ಮಾತಿನಲ್ಲಿಯೇ ಕೂಡದು. ತ್ಯಾಗವೆಂದರೆ ಮನೆ ಬಿಟ್ಟು ಕಾಷಾಯ ಧರಿಸುವುದು. ಯಾವ ಶಬ್ದವನ್ನು ಎತ್ತಿಕೊಂಡರೂ ಅದರ ಹಳೆಯ ಮನೆತನವೆಲ್ಲ ಜೊತೆಗೆ ಬರುವುದು. ಕನ್ನಡ ಸತ್ಯವೇದದವರು ಯಜ್ಞವೆಂಬ ಶಬ್ದವನ್ನೇ ಹಿಡಿದರು; ಕ್ರಿಸ್ತನನ್ನು ಯಜ್ಞದ ಕುರಿಯೆಂದು ಕರೆದರು. ಕುರಿಯನ್ನು ಕೊಯ್ಯುವುದು ದೋಷವೆಂದು ತಿಳಿದ ಲಿಂಗವಂತ ಗೃಹಸ್ಥನ ಕಿವಿಗೆ ಆ ಹೆಸರು ಹೇಗೆ ಕೇಳಿಸೀತು! ದೇವರಿಗೆ ಕುರಿಯ ರಕ್ತ ಬೇಡವೆಂದು ನಾವು ಎಂದೋ ಬಿಟ್ಟಿರುವಾಗ, ಮನುಷ್ಯನ ರಕ್ತ ಬೇಕಾಯಿತೆಂದು ಹೇಳಬಂದರೇ ಎಂದು ಆತನು ಕೇಳದಿರಲಾರನು. ಮೇಲಾಗಿ, ಮಾಡಿದ ಕರ್ಮವನ್ನು ಮಾಡಿದವನೇ ಉಣ್ಣಬೇಕು. ಗುರುಕರುಣೆಯಿಂದ ಅದು ನೀಗಬಹುದೇ ಹೊರತು ಒಬ್ಬನ ಸಾಲವನ್ನು ಇನ್ನೊಬ್ಬನ ಪ್ರಾಣದಿಂದ ತೀರಿಸುವ ಲೆಕ್ಕವು ನಮ್ಮ ವಹಿಯಲ್ಲಿಲ್ಲ.

ಹಾಗೆಂದು ತನ್ನನ್ನು ತಾನು ಅರ್ಪಿಸಿಕೊಳ್ಳುವ ಮಾತು ನಮಗೆ ಹೊಸದೂ ಅಲ್ಲ. ಗಡಿಯಂಚಿನ ಹಿರೋಳ್ಳಿಯ ಕಡೆಯಿಂದ ಆಳಂದಕ್ಕೆ ಬರುವ ಭಕ್ತರಿಗೆ ತಮ್ಮ ತಾಲೂಕಿನ ಶರಣನ ಕಥೆಯನ್ನು ನೆನಪಿಸಿದರೆ ಸಾಕು. ಏಕಾಂತದ ರಾಮಯ್ಯನು ಹುಟ್ಟಿದುದು ಆಲಂದೆಯಲ್ಲಿ ಎಂದು ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಕಾಲದ ಶಾಸನವೊಂದು ಸ್ಪಷ್ಟವಾಗಿ ಹೇಳುತ್ತದೆ. ಜೈನರೊಡನೆ ವಾದಕ್ಕೆ ನಿಂತು, ಶಿರವನ್ನು ಅರಿದು ಶಿವನಿಗರ್ಪಿಸಿ, ಏಳನೆಯ ದಿನ ಮರಳಿ ಪಡೆದನೆಂದು ಅದರಲ್ಲಿ ಕೆತ್ತಿದೆ. ಬಿಜ್ಜಳನು ಜಯಪತ್ರವನ್ನು ಕೊಟ್ಟನೆಂದೂ ಇದೆ. ಆ ಶಾಸನವನ್ನು ಲೋಕಕ್ಕೆ ಪ್ರಕಟಿಸಿದ ಫ್ಲೀಟ್ ಸಾಹೇಬರು ಕಿಟ್ಟೆಲರ ಸಮಕಾಲೀನರೇ. ಇನ್ನು ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಎಳೆಹೂಟೆಯ ಶಿಕ್ಷೆಗೊಳಗಾದುದನ್ನು ಕೇಳಿ ಕಣ್ಣೊರೆಸಿಕೊಳ್ಳದ ಶರಣೆ ಯಾರು? ಹಾಲಾಹಲವನ್ನು ಕುಡಿದು ಲೋಕವನ್ನುಳಿಸಿದ ನಂಜುಂಡನ ಕಥೆಯಲ್ಲಿ ಪರರ ಕೇಡನ್ನು ತನ್ನ ಕೊರಳಲ್ಲಿ ತಾಳಿದ ದೇವರೂ ನಮಗೆ ಪರಿಚಿತನೇ.

ಈ ಮೂರು ಒಂದೇ ಅಲ್ಲ. ರಾಮಯ್ಯನ ಶಿರಸ್ಸು ನಿಷ್ಠೆಯ ಸಾಕ್ಷಿ. ಅದರಿಂದ ಪರರ ಪಾಪ ತೊಳೆಯಿತೆಂದು ಯಾರೂ ಹೇಳಿಲ್ಲ. ಹರಳಯ್ಯ ಮಧುವರಸರ ಮರಣವು ಬಿಜ್ಜಳನ ಆಳಿಕೆಯ ಅನ್ಯಾಯ. ಶರಣರು ಅದನ್ನು ದುಃಖವೆಂದು ಕಂಡರೇ ಹೊರತು ಯಜ್ಞವೆಂದು ಕರೆಯಲಿಲ್ಲ. ನಂಜುಂಡನು ವಿಷವನ್ನು ಕೊರಳಲ್ಲಿ ನಿಲ್ಲಿಸಿದನು, ಸಾಯಲಿಲ್ಲ. ಕ್ರೈಸ್ತರ ನಂಬಿಕೆಯಾದರೋ ಈ ಮೂರನ್ನೂ ಒಂದರಲ್ಲಿ ಹೆಣೆಯುತ್ತದೆ: ನಿಷ್ಠೆಯ ಸಾಕ್ಷಿ, ಅರಸರ ಅನ್ಯಾಯ, ದೇವರೇ ತಾಳಿದ ವಿಷ. ಹೆಣೆದ ಮೇಲೆ ಸಾವೂ ಸತ್ಯವೆನ್ನುತ್ತದೆ. ಅದನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ರಕ್ತಪ್ರಿಯನಾದ ದೇವರ ಪೂಜೆಯೆಂದು ಅದನ್ನು ತಿಳಿದವರು ಅದನ್ನು ತಿಳಿದಂತಾಗಲಿಲ್ಲ. ಈ ಲೇಖಕನ ಮನಸ್ಸು ಇನ್ನೊಬ್ಬನ ಸಾಲವನ್ನು ತೀರಿಸುವ ಲೆಕ್ಕಕ್ಕಿಂತ ಅಬೆಲಾರ್ಡರ ಮಾತಿನ ಕಡೆಗೆ ವಾಲುತ್ತದೆ. ಶರಣರ ಹಾದಿಗೆ ಹತ್ತಿರವಾದುದು ಅದೇ.

ಕಿಟ್ಟೆಲರು ಈ ತೊಡಕನ್ನು ಬಿಡಿಸಲು ಮೊದಲು ಹಿಡಿದ ದಾರಿ ಕಾವ್ಯದ್ದು. 1862ರಲ್ಲಿ ಕಥಾಮಾಲೆ ಎಂಬ ಅವರ ಕೃತಿ ಹೊರಬಂದಿತು. ಕ್ರಿಸ್ತನ ಚರಿತ್ರೆಯನ್ನು ನಮ್ಮ ಪುರಾಣಗಳನ್ನು ಹಾಡುವಂತೆ ಹಾಡಲು ಬರುವ ದೇಶೀಯ ಛಂದಸ್ಸಿನಲ್ಲಿ ಕಟ್ಟಿದ ಗ್ರಂಥವದು. ಪರದೇಶದಿಂದ ಬಂದು ಒಂಬತ್ತು ವರ್ಷವೂ ತುಂಬದ ಪಾದ್ರಿಯೊಬ್ಬರು ಕನ್ನಡ ಛಂದಸ್ಸಿಗೆ ಕೈಹಾಕಿದುದು ಅಸಾಮಾನ್ಯ ಸಾಹಸ. ಪ್ರಸಂಗದ ಗದ್ಯಕ್ಕೆ ಕಿವಿಗೊಡದವನು ಪುರಾಣದ ಧಾಟಿಗೆ ಕಿವಿಗೊಡುವನೆಂಬ ಮರ್ಮವು ಅವರಿಗೆ ತಿಳಿದಿತ್ತು.

ಪರರ ಸಂಕಟವನ್ನು ಹೊತ್ತವನ ಕಥೆಯನ್ನು ಹಾಡಿದ ಎರಡೇ ವರ್ಷಕ್ಕೆ ಸಂಕಟವು ಅವರ ಮನೆಯನ್ನೇ ಹೊಕ್ಕಿತು. 1860ರಲ್ಲಿ ಅವರು ಪೌಲಿನೆ ಐತ್ ಎಂಬ ಜರ್ಮನ್ ಕನ್ಯೆಯನ್ನು ವಿವಾಹವಾಗಿದ್ದರು. 1864ರಲ್ಲಿ ಆ ತಾಯಿ ತೀರಿಕೊಂಡರು. ನಾಲ್ಕು ವರ್ಷದ ಸಂಸಾರ ಅಷ್ಟೆ. ಕರಾವಳಿಯ ಜ್ವರಗಳಿಗೂ ಭೇದಿಗಳಿಗೂ ತುತ್ತಾದ ಮಿಶನರಿಗಳ, ಅವರ ಮಡದಿಯರ, ಶಿಶುಗಳ ಗೋರಿಗಳು ಆ ಕಾಲದ ಮಿಶನ್ ಠಾಣೆಗಳಲ್ಲಿ ಬೇಕಾದಷ್ಟಿವೆ. ಬದುಕಿದ ಮಕ್ಕಳನ್ನು ವಿದ್ಯೆಗಾಗಿ ಎಳೆಯ ವಯಸ್ಸಿನಲ್ಲಿಯೇ ಯುರೋಪಿಗೆ ಕಳುಹಿಸಿಬಿಡುವುದು ಬಾಸೆಲಿನವರ ರೂಢಿ. ಅನೇಕ ತಾಯಂದಿರು ಮಕ್ಕಳನ್ನು ಹಡಗಿಗೇರಿಸಿ ವರುಷಗಟ್ಟಲೆ ಮುಖ ಕಾಣದೆ ಇದ್ದರು. ಅದನ್ನು ಅವರು ತ್ಯಾಗವೆಂದು ಕರೆದುಕೊಂಡರು. ಆ ಮಕ್ಕಳನ್ನು ಕೇಳಿದವರಾರು? ಕಿಟ್ಟೆಲರು ಸ್ವದೇಶಕ್ಕೆ ಹೋಗಿ, 1867ರಲ್ಲಿ ತೀರಿಕೊಂಡ ಮಡದಿಯ ತಂಗಿ ಜೂಲಿಯೆಯನ್ನು ಮದುವೆಯಾಗಿ ಮರಳಿ ಬಂದರು. ಮಂಗಳೂರಿನಲ್ಲಿಯೂ ಕೊಡಗಿನ ಮಡಿಕೇರಿಯಲ್ಲಿಯೂ ಅವರ ಕೆಲಸ ಮುಂದುವರಿಯಿತು.

ತ್ಯಾಗದ ಭಾರವು ಯಾರ ಹೆಗಲಿಗೆ ಬೀಳುತ್ತದೆಂಬ ಈ ಪ್ರಶ್ನೆ ಮಿಶನರಿಗಳ ಮನೆಯಲ್ಲಿ ಮಾತ್ರವಲ್ಲ, ಅವರ ಬೋಧೆಗೆ ಓಗೊಟ್ಟ ಇಲ್ಲಿಯವರ ಮನೆಗಳಲ್ಲಿಯೂ ಎದ್ದಿತು. ಕಿಟ್ಟೆಲರು ಬರುವುದಕ್ಕೆ ಮೊದಲೇ, 1844ರಲ್ಲಿ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನವನ್ನು ಪಡೆದರು. ಮೋಗ್ಲಿಂಗರ ಮೇಲಣ ಗೌರವದಿಂದ ಹೆರ್ಮನ್ ಎಂಬ ಹೆಸರನ್ನಿಟ್ಟುಕೊಂಡರು. ಬಾಸೆಲಿಗೆ ಹೋಗಿ ಓದಿ ಬಂದು ಮಿಶನಿನಲ್ಲಿ ಹಿರಿಯ ಸ್ಥಾನವನ್ನು ಪಡೆದರು. ಕುಲ, ಬಂಧುಗಳು, ಕಿರಿಯ ಮಡದಿ ಎಲ್ಲರೂ ಅವರಿಂದ ದೂರವಾದರು. ಶಿಲುಬೆಯನ್ನು ಹೊರುವುದೆಂದರೆ ಇದೇ ಎಂದು ಮಿಶನಿನವರು ನುಡಿದರೆ ಅದು ಅವರ ದೃಷ್ಟಿಗೆ ಸಹಜ. ಇತ್ತ ಮನೆಯಲ್ಲಿ ಉಳಿದ ಹೆಂಗಸರ ಕಣ್ಣೀರು ಯಾವ ಯಜ್ಞದ ಲೆಕ್ಕಕ್ಕೆ ಸೇರಿತು? ಬಲಿಯಾಗುವುದಕ್ಕೂ ಬಲಿಗೊಡುವುದಕ್ಕೂ ನಡುವಣ ಗೆರೆ ಬಹಳ ತೆಳುವಾದುದು. ವಿರಕ್ತನಾಗಿ ಮನೆಬಿಟ್ಟ ಮಗನ ತಾಯಿಯನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1872ನೆಯ ವರ್ಷವು ಕಿಟ್ಟೆಲರ ಬಾಳಿನಲ್ಲಿ ಗಮನಾರ್ಹವಾದುದು. ಆ ವರ್ಷ ಕೇಶಿರಾಜನ ಶಬ್ದಮಣಿದರ್ಪಣವನ್ನು ಅವರು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಅದೇ ವರ್ಷ ಅಲ್ಲಿಯೇ ಯಜ್ಞಸುಧಾನಿಧಿ ಎಂಬ ಅವರ ಚಿಕ್ಕ ಗ್ರಂಥವೂ ಹೊರಟಿತು. ಬಲಿದಾನ ಅಥವಾ ಯಜ್ಞವೆಂಬುದೇ ಅದರ ವಿಷಯ. ಒಂದು ಕೈಯಲ್ಲಿ ಕನ್ನಡ ಶಬ್ದಗಳ ವ್ಯಾಕರಣ, ಇನ್ನೊಂದು ಕೈಯಲ್ಲಿ ಅವರ ಧರ್ಮದ ಪ್ರಾಣಶಬ್ದದ ವಿಚಾರ. ಹೆಸರನ್ನು ನೋಡಿದರೆ ಅವರ ಉಪಾಯವು ತಿಳಿಯುವುದು: ಪರಕೀಯ ಶಬ್ದವನ್ನು ಹೇರದೆ, ಈ ನೆಲದ ಪುರಾತನ ಶಬ್ದವನ್ನೇ ಎತ್ತಿಕೊಂಡು ಅದರ ಬಾಗಿಲಿನಿಂದ ತಮ್ಮ ಮತವನ್ನು ಒಳಗೆ ತರುವುದು. ಮೂರು ವರ್ಷಗಳ ಬಳಿಕ, 1875ರಲ್ಲಿ, ಕಲಕತ್ತೆಯ ಕೃಷ್ಣಮೋಹನ ಬ್ಯಾನರ್ಜಿಯವರು ಆರ್ಯಸಾಕ್ಷಿ ಎಂಬರ್ಥದ ಹೆಸರಿನ ಇಂಗ್ಲಿಷ್ ಗ್ರಂಥದಲ್ಲಿ, ತನ್ನನ್ನೇ ಆಹುತಿಗೊಟ್ಟ ಪ್ರಜಾಪತಿಯ ವೈದಿಕ ಕಥೆಯು ಕ್ರಿಸ್ತನ ಮುನ್ಸೂಚನೆಯೆಂದು ವಾದಿಸಿದರು. ಒಂದು ಕಾಲದಲ್ಲಿ ಎರಡು ಕಡೆ ಒಂದೇ ಶಬ್ದವನ್ನು ಹಿಡಿದು ಎಳೆದಂತಾಯಿತು.

ಇಲ್ಲೊಂದು ಮಾತನ್ನು ಹೇಳದೆ ನಿರ್ವಾಹವಿಲ್ಲ. ಈ ಉಪಾಯವು ವೇದಗಳನ್ನು ಪ್ರಮಾಣವೆಂದು ನಂಬಿದ ಪಂಡಿತರಿಗೆ ನಾಟಬಹುದೇ ಹೊರತು ಕನ್ನಡ ನಾಡಿನ ಉತ್ತರಭಾಗದ ಬಹುಜನರಿಗೆ ನಾಟುವಂತಹುದಾಗಿರಲಿಲ್ಲ. ಅವರು ಯಜ್ಞಶಾಲೆಯಿಂದ ಏಳು ಶತಮಾನಗಳ ಹಿಂದೆಯೇ ಹೊರಬಂದವರು. ಯಜ್ಞದ ಮೂಲಕ ಕ್ರಿಸ್ತನನ್ನು ಕಾಣಿಸಹೋದರೆ ಬಿಟ್ಟುಬಂದ ಮನೆಯ ಹಾದಿಯನ್ನು ತೋರಿಸಿದಂತಾಗುತ್ತದೆ. ಕಾಯಕ ದಾಸೋಹಗಳ ಮಾತಿನಿಂದ, ತನು ಮನ ಧನಗಳ ಅರ್ಪಣೆಯ ಮಾತಿನಿಂದ ಅವರು ಹೊರಟಿದ್ದರೆ ನಮ್ಮವರೊಡನೆ ಬೇರೊಂದು ಸಂವಾದವೇ ನಡೆಯುತ್ತಿತ್ತು. ಆದರೆ ವಚನಗಳ ಕಟ್ಟುಗಳು ಆಗಿನ್ನೂ ಮಠಗಳ ಕತ್ತಲಲ್ಲಿದ್ದವು. ಹಳಕಟ್ಟಿಯವರ ವಚನಶಾಸ್ತ್ರಸಾರವು ಬೆಳಕಿಗೆ ಬರುವುದು 1923ರಲ್ಲಿ. ಕಿಟ್ಟೆಲರಿಗೆ ದೊರೆತ ವೀರಶೈವ ಸಾಹಿತ್ಯವು ಮುಖ್ಯವಾಗಿ ಪುರಾಣಗಳದ್ದು. 1875ರಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಲಿಂಗಾಯತ ಕಥೆಗಳೇಳನ್ನು ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಮರುವರ್ಷ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಚಿಕ್ಕ ಗ್ರಂಥವೊಂದನ್ನು ಬರೆದು, ಅದು ದ್ರಾವಿಡರಿಂದಲೇ ಬಂದುದೆಂಬ ಆ ಕಾಲದ ಪಂಡಿತರ ಮತವನ್ನು ಖಂಡಿಸಿದರು. ಕಥೆಗಳ ವಿಸ್ಮಯವನ್ನು ಕಂಡರು. ಅದರ ಹಿಂದಿನ ನಡೆನುಡಿಯ ಶಾಸ್ತ್ರವನ್ನು ಪೂರ್ತಿಯಾಗಿ ಕಾಣುವ ಯೋಗ ಅವರಿಗಿರಲಿಲ್ಲ.

ಬೋಧಕರಾಗಿ ಕಿಟ್ಟೆಲರು ಹೆಸರು ಗಳಿಸಲಿಲ್ಲ. ಅವರ ಮಾತಿನಿಂದ ಸಭೆ ತುಂಬಿತೆಂದು ಯಾರೂ ಬರೆದಿಲ್ಲ. ಮಿಶನಿನ ಹಿರಿಯರು ಕೊನೆಗೆ ಅವರಿಗೆ ನಿಘಂಟಿನ ಕೆಲಸವನ್ನು ಒಪ್ಪಿಸಿದಾಗ ಅದು ಅವರ ಸ್ವಭಾವಕ್ಕೆ ತಕ್ಕುದೇ ಆಯಿತು. 1875ರಲ್ಲಿ ನಾಗವರ್ಮನ ಛಂದಸ್ಸನ್ನು ಕನ್ನಡ ಸಾಹಿತ್ಯದ ಚರಿತ್ರೆಯೊಂದಿಗೆ ಪ್ರಕಟಿಸಿದ ಮೇಲೆ ಉಳಿದ ಆಯುಷ್ಯವೆಲ್ಲ ಬಹುಮಟ್ಟಿಗೆ ಇದಕ್ಕೇ ಮುಡಿಪಾಯಿತು. 1877ರಲ್ಲಿ ಜರ್ಮನಿಗೆ ಹೋದರು. ಅಲ್ಲಿ ಕುಳಿತು ಕೆಲಸ ಸಾಗದೆಂದು ಕಂಡು 1883ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಮತ್ತೆ ಕನ್ನಡ ನಾಡಿಗೆ ಬಂದರು. ಇನ್ನೂ ಒಂಬತ್ತು ವರ್ಷ ದುಡಿದರು. ತಾಡವೋಲೆಗಳನ್ನು ಓದಿಸಿದರು, ದೇಶೀಯ ಪಂಡಿತರ ನೆರವನ್ನು ಪಡೆದರು, ಗಾದೆಗಳನ್ನು ಕೂಡಿಸಿದರು, ಪ್ರತಿಯೊಂದು ಶಬ್ದಕ್ಕೂ ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಬಂಧುಗಳನ್ನು ಹುಡುಕಿದರು. ಬಸವಪುರಾಣದ ಪ್ರಯೋಗಗಳು ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುವುವು. ಶಿವಭಕ್ತರ ಕಥೆಯಿಂದ ಅರ್ಥವನ್ನು ಪಡೆದ ಶಬ್ದಗಳು ಪಾದ್ರಿಯ ಪುಸ್ತಕದಲ್ಲಿ ಕುಳಿತಿವೆ. ತಮ್ಮ ಮತಕ್ಕೆ ಉಪಯೋಗವಾಗುವ ಶಬ್ದಗಳನ್ನಷ್ಟೇ ಅವರು ಆರಿಸಿಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಒಕ್ಕಲಿಗನ ಮಾತು, ಕವಿಯ ಮಾತು, ಎಲ್ಲಕ್ಕೂ ಪಂಕ್ತಿಯಲ್ಲಿ ಎಡೆಯಿತ್ತರು. 1892ರಲ್ಲಿ ಹಸ್ತಪ್ರತಿಯ ಕೆಲಸವನ್ನು ಮುಗಿಸಿ ಕೊನೆಯದಾಗಿ ಹಡಗನ್ನೇರಿದರು. ಇಪ್ಪತ್ತು ವರ್ಷಗಳನ್ನು ಮೀರಿದ ಈ ದುಡಿಮೆಯನ್ನು ಕ್ರೈಸ್ತನಾದವನು ಸೇವೆಯೆನ್ನುವನು. ನಾವಾದರೆ ಕಾಯಕವೆನ್ನುತ್ತೇವೆ, ಹೆಸರು ಬೇರೆಯಾದ ಮಾತ್ರಕ್ಕೆ ಬೆವರು ಬೇರೆಯಲ್ಲ.

ತ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಗೌರವಾರ್ಥವಾಗಿ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವೂ ಅಚ್ಚಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಗೆ ಕೆಲವೇ ದಿನಗಳಿರುವಾಗ, ತ್ಯೂಬಿಂಗೆನ್ನಿನಲ್ಲಿಯೇ ಎಪ್ಪತ್ತ್ತೊಂದರ ವಯಸ್ಸಿನಲ್ಲಿ ಅವರು ದೇಹವನ್ನು ಬಿಟ್ಟರು.

ಅವರ ಯಜ್ಞವಿಚಾರವು ಅವರೊಂದಿಗೆ ಮುಗಿಯಲಿಲ್ಲ. ಯಜ್ಞಸುಧಾನಿಧಿ ಹೊರಟ ಸರಿಯಾಗಿ ನೂರು ವರ್ಷಕ್ಕೆ, 1972ರಲ್ಲಿ, ಅದೇ ತ್ಯೂಬಿಂಗೆನ್ನಿನ ಪ್ರಾಧ್ಯಾಪಕರಾಗಿದ್ದ ಯೂರ್ಗೆನ್ ಮೋಲ್ಟ್‌ಮನ್ನರು ಶಿಲುಬೆಗೇರಿದ ದೇವರು ಎಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ತರುಣ ಸೈನಿಕರಾಗಿದ್ದು, ಸೆರೆಸಿಕ್ಕಿ, ತಮ್ಮ ದೇಶದವರು ಯೆಹೂದ್ಯರಿಗೆ ಮಾಡಿದ ಘೋರವನ್ನು ಸೆರೆಯಲ್ಲಿ ತಿಳಿದವರು ಅವರು, 2024ರಲ್ಲಿ ತೀರಿಕೊಂಡರು. ದೇವರು ನಿರ್ವಿಕಾರ, ಆತನಿಗೆ ನೋವಿಲ್ಲವೆಂದು ಕ್ರೈಸ್ತ ಆಚಾರ್ಯರು ಬಹುಕಾಲ ಹೇಳಿಕೊಂಡು ಬಂದಿದ್ದರು. ಮೋಲ್ಟ್‌ಮನ್ನರು ಅದನ್ನು ಒಪ್ಪಲಿಲ್ಲ. ಮಗನ ಮರಣದಲ್ಲಿ ತಂದೆಯೂ ನೊಂದನು, ನೊಂದವರೆಲ್ಲರ ಬಳಿ ದೇವರು ನೊಂದವನಾಗಿಯೇ ಇದ್ದಾನೆ ಎಂಬುದು ಅವರ ಪ್ರತಿಪಾದನೆ. ಸಾಲ ತೀರಿಸುವ ಲೆಕ್ಕದಿಂದ ಇದು ಬಹುದೂರ ಬಂದ ಮಾತು. ಕೊರಳಲ್ಲಿ ನಂಜನ್ನು ತಾಳಿದವನನ್ನು ಪೂಜಿಸುವವರು ಇದನ್ನು ಓದಿದರೆ ಪರರ ಮನೆಯಲ್ಲಿ ತಮ್ಮ ಮನೆಯ ಪಾತ್ರೆಯೊಂದನ್ನು ಕಂಡಂತಾಗಬಹುದು.

ಕನ್ನಡ ನಾಡಿನಲ್ಲಿ ಪಶುಬಲಿಯನ್ನು ತಡೆಯುವ ಶಾಸನವು 1959ರಲ್ಲಿ ಆಯಿತು. ಅದನ್ನು ಮಾಡಿಸಿದುದು ಕ್ರೈಸ್ತಬೋಧೆಯಲ್ಲ, ಈ ನೆಲದವರ ದಯೆಯೇ. ಧಾರವಾಡದಲ್ಲಿ ಕಿಟ್ಟೆಲರ ಹೆಸರಿನ ಕಾಲೇಜು ನಡೆಯುತ್ತಿದೆ. ಮದರಾಸು ವಿಶ್ವವಿದ್ಯಾಲಯವು ಎಂ. ಮರಿಯಪ್ಪ ಭಟ್ಟರಿಂದ ಅವರ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಬಸವಪುರಾಣವನ್ನು ಓದುತ್ತ ಶಬ್ದವೊಂದಕ್ಕೆ ಅರ್ಥ ತೋರದೆ ನಿಂತ ನಮ್ಮ ಪುರಾಣಿಕರು ಈಗಲೂ ಆ ಸಂಪುಟಗಳನ್ನೇ ತೆರೆಯುತ್ತಾರೆ.